ಡಾಕ್ಟರು ಕೇಳದ ಪ್ರಶ್ನೆಗಳು

"ಬೇಡ ಅಂದ್ರೆ ಬೇಡ. ಆ ನೀಲಿ ನಿಲುವಂಗಿ ಹಾಕ್ಕೊಂಡು ನಾನು ಡಾಕ್ಟ್ರ ಮುಂದೆ ಕೂತ್ಕೊಳ್ಳಲ್ಲ," ಎಂದು ಮಾದ್ಲೋಮೊ ಎಡಗೈಯಿಂದ ನಿಲುವಂಗಿಯನ್ನು ಹಾಸಿಗೆಯ ಆಚೆಗೆ ತಳ್ಳಿದಳು. "ಇವತ್ತು ಗುರುವಾರ. ಗುರುವಾರ ಏನು ಹಾಕ್ಕೋಬೇಕೋ ಅದನ್ನ ತೆಗಿ."

ಗುರುವಾರ ಹಾಕಿಕೊಳ್ಳಬೇಕಾದದ್ದು ಚರ್ಚಿನ ತಾಯಂದಿರ ಸಂಘದ ಉಡುಪು. ಕೆಂಪು ಅಂಗಿ, ಅದರ ಮೇಲೆ ಅಗಲವಾದ ಬಿಳಿ ಕಾಲರು, ಕಪ್ಪು ಲಂಗ, ಬಿಳಿ ಟೊಪ್ಪಿ. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಮುದುಕಿ ಸಂಘದ ಕಡೆ ತಲೆ ಹಾಕದೆ ಎರಡು ವರ್ಷವಾಗಿತ್ತು. ಆದರೂ ಆ ಬಟ್ಟೆ ಇಸ್ತ್ರಿಯಾಗಿ ಪೆಟ್ಟಿಗೆಯಲ್ಲೇ ಇತ್ತು. ಇಸ್ತ್ರಿ ಮಾಡಿಡುತ್ತಿದ್ದವಳು ನೋಲುಂಡಿ. ಮಾಡಿಡದೆ ಇದ್ದಿದ್ದರೆ ಇವತ್ತಿನ ರಗಳೆಯೇ ಇರುತ್ತಿರಲಿಲ್ಲ ಎಂದು ಅವಳಿಗೆ ಈಗ ಅನ್ನಿಸಿತು.

"ಅತ್ತೆ, ಇದು ಚರ್ಚಲ್ಲ, ಕ್ಲಿನಿಕ್ಕು," ಅಂದಳು ನೋಲುಂಡಿ.

"ಕ್ಲಿನಿಕ್ಕಿಗೆ ಹೋಗೋಕೆ ಮಾನ ಬಿಟ್ಟು ಹೋಗ್ಬೇಕಾ? ತೆಗಿ ಮಕೊಟಿ, ಗಾಡಿ ಬರೋ ಹೊತ್ತಾಯ್ತು."

ಮಕೊಟಿ ಅಂದರೆ ಮನೆಗೆ ಬಂದ ಹೆಣ್ಣು, ಸೊಸೆ. ನೋಲುಂಡಿ ಎಂಬ ಹೆಸರು ಕೂಡ ಹನ್ನೊಂದು ವರ್ಷದ ಹಿಂದೆ ಅವಳು ಈ ಮನೆಗೆ ಬಂದ ದಿನ ಮುದುಕಿಯೇ ಇಟ್ಟದ್ದು. ಮುದುಕಿ ಅದನ್ನು ಇಟ್ಟಳೇ ಹೊರತು ಕರೆದದ್ದು ಅಪರೂಪ. ಗಂಡ ಟ್ಯಾಕ್ಸಿ ಅಪಘಾತದಲ್ಲಿ ತೀರಿಕೊಂಡು ನಾಲ್ಕು ವರ್ಷವಾದರೂ ಮಕೊಟಿ ಮಕೊಟಿಯಾಗಿಯೇ ಉಳಿದಿದ್ದಳು. ಮುದುಕಿಯನ್ನಾದರೂ ಅವಳು ಹುಟ್ಟಿದ ದ್ಲೋಮೊ ಕುಲದ ಹೆಸರಿನಿಂದ ಊರೆಲ್ಲ ಮಾದ್ಲೋಮೊ ಅನ್ನುತ್ತಿತ್ತು. ಈ ಕಡೆ ಹಿರಿಯರನ್ನು ಹಾಗಲ್ಲದೆ ಬೇರೆ ಹೆಸರಿನಿಂದ ಕೂಗಿದರೆ ಕೂಗಿದವರ ತಾಯಿಗೆ ಬೈಗುಳ ಬರುತ್ತದೆ.

ನೋಲುಂಡಿ ಬಿಸಿನೀರು ತಂದು ಅತ್ತೆಯನ್ನು ಒರೆಸಿದಳು. ಈ ಕೆಲಸಕ್ಕೆ ಇಬ್ಬರೂ ಸೇರಿ, ಒಂದು ಮಾತೂ ಆಡದೆ, ಒಂದು ಪದ್ಧತಿ ಕಟ್ಟಿಕೊಂಡಿದ್ದರು. ಸೊಸೆ ಸದ್ದಿಲ್ಲದ ಹುಳದ ಹಾಗೆ ತನ್ನ ಪಾಡಿಗೆ ತೊಳೆಯಬೇಕು, ಒರೆಸಬೇಕು, ಮಗ್ಗುಲಿಗೆ ತಿರುಗಿಸಬೇಕು. ಅಷ್ಟು ಹೊತ್ತೂ ಅತ್ತೆ ಯಾರದೋ ಕುರಿ ಕಳುವಾದದ್ದು, ಹೊಸ ಪಾದ್ರಿಯ ಹೆಂಡತಿಯ ಸೊಕ್ಕು, ಹೀಗೆ ಏನಾದರೂ ಹೇಳುತ್ತಿರಬೇಕು. ಕೆಳಗೆ ನಡೆಯುತ್ತಿರುವುದು ಬೇರೆ ಯಾರದೋ ಮೈಗೆ, ಬೇರೆ ಯಾವುದೋ ಊರಿನಲ್ಲಿ, ಅನ್ನುವ ಹಾಗೆ. ಎರಡು ವರ್ಷದಲ್ಲಿ ಒಮ್ಮೆಯೂ ಇಬ್ಬರಲ್ಲಿ ಯಾರೂ ಆ ಮೈಯ ವಿಚಾರ ಎತ್ತಿರಲಿಲ್ಲ. ಅತ್ತೆಯ ಎದುರು ಸೊಸೆ ಎತ್ತುವ ಮಾತೂ ಅಲ್ಲ ಅದು.

ಇವತ್ತು ಮಾತ್ರ ಯಾರಾದರೂ ಎತ್ತಬೇಕಿತ್ತು. ವೃದ್ಧಾಪ್ಯದ ಪಿಂಚಣಿ ಮುದುಕಿಗೆ ಮೊದಲಿನಿಂದ ಬರುತ್ತಿತ್ತು. ಅದರ ಮೇಲೆ, ದಿನವಿಡೀ ನೋಡಿಕೊಳ್ಳಲು ಇನ್ನೊಬ್ಬರು ಬೇಕಾದವರಿಗೆ ಸರ್ಕಾರ ಇನ್ನೊಂದಿಷ್ಟು ಕೊಡುತ್ತದೆ. ಊರಿನಲ್ಲಿ ಅದಕ್ಕೆ ಎತ್ತಿಳಿಸುವವರ ಹಣ ಅನ್ನುತ್ತಾರೆ. ದೊಡ್ಡ ಮೊತ್ತವೇನಲ್ಲ, ಆದರೆ ಅದು ಬಂದರೆ ನೋಲುಂಡಿ ಮನೆಯಲ್ಲಿ ನಿಲ್ಲಬಹುದು. ಬರದಿದ್ದರೆ ಸೋಮವಾರ ಬಸ್ಸು ಹತ್ತಿ ಕರ್ಕ್‌ವುಡ್ ಕಡೆಯ ಕಿತ್ತಳೆ ಶೆಡ್ಡಿಗೆ ಹೋಗಬೇಕು, ಆರು ತಿಂಗಳು ಹಣ್ಣು ವಿಂಗಡಿಸುವ ಕೆಲಸಕ್ಕೆ. ಮಗಳು ಅಝೋಲಾಳನ್ನು ತಂಗಿಯ ಮನೆಯಲ್ಲಿ ಬಿಡಬಹುದು. ಅತ್ತೆಯನ್ನು ಮಾತ್ರ ಕೇಪ್‌ಟೌನಿಗೆ, ಅವಳ ಸ್ವಂತ ಮಗಳು ನೊಂಬೆಕೊಳ ಒಂಟಿ ಕೋಣೆಯ ತಗಡಿನ ಮನೆಗೆ ಕಳಿಸಬೇಕಾಗುತ್ತದೆ. ಡಾಕ್ಟರು ಒಂದು ಕಾಗದ ತುಂಬಿ ಸಹಿ ಹಾಕಿದರೆ ಇದ್ಯಾವುದೂ ಇಲ್ಲ. ಆ ಡಾಕ್ಟರು ಇಲ್ಲಿಗೆ ಬರುವುದು ತಿಂಗಳಿಗೊಂದು ಗುರುವಾರ.

ಕೊನೆಗೆ ಕೆಂಪು ಅಂಗಿಯೇ ಗೆದ್ದಿತು. ಪಿಕಪ್ ಗಾಡಿಯ ಗೀಜಾ ಬಾಗಿಲಲ್ಲಿ ನಿಂತು ಮುದುಕಿಯನ್ನು ಮೇಲಿಂದ ಕೆಳಗೆ ನೋಡಿದ.

"ಮಾದ್ಲೋಮೊ, ಡಾಕ್ಟ್ರಿಗೆ ತೋರಿಸ್ಕೊಳ್ಳೋಕೆ ಹೊರಟಿದ್ದೀರೋ, ಅವನನ್ನ ಮದುವೆ ಆಗೋಕೆ ಹೊರಟಿದ್ದೀರೋ?"

"ನಿನ್ನಂಥೋರ ಮುಖ ನೋಡಿ ನೋಡಿ ಸಾಕಾಗಿದೆ ಗೀಜಾ. ಡಾಕ್ಟ್ರಾದ್ರೂ ಸಿಗ್ಲಿ. ಹುಷಾರಾಗಿ ಎತ್ತು, ಕಾಲರು ಮುದುರೀತು."

ಕ್ಲಿನಿಕ್ಕಿನ ಒಂದೇ ಒಂದು ಗಾಲಿಕುರ್ಚಿ ಅವತ್ತು ಪುಣ್ಯಕ್ಕೆ ಖಾಲಿ ಇತ್ತು. ಅದರಲ್ಲಿ ಕೂತು ಸರತಿಯ ಮಧ್ಯೆ ಸಾಗುವಾಗ ಮುದುಕಿಯ ಬೆನ್ನು ನೆಟ್ಟಗಾಯಿತು. ಬೆಂಚಿನ ಮೇಲಿದ್ದವರು ಸರಿದು ಕೂತು ನಮಸ್ಕಾರ ಹೇಳಿದರು. ಎಷ್ಟು ದಿನವಾಯಿತು ಮಾದ್ಲೋಮೊ, ಎಷ್ಟು ಲಕ್ಷಣವಾಗಿ ಕಾಣುತ್ತಿದ್ದೀರಿ, ದೇವರು ದೊಡ್ಡವನು, ಎಂದೆಲ್ಲ ಅಂದರು. ನೋಲುಂಡಿಗೆ ಪ್ರತಿಯೊಂದು ಹೊಗಳಿಕೆಯೂ ಎದೆಗೆ ಕಲ್ಲು ಹಾಕಿದಂತಾಗುತ್ತಿತ್ತು.

ಪಕ್ಕದಲ್ಲಿ ಮಾಭೆಲೆ ಎಂಬ ಹೆಂಗಸು ಮೂರ್ಛೆರೋಗದ ಮಗನ ಮಾತ್ರೆಗೆಂದು ಬಂದು ಕೂತಿದ್ದಳು. ಆ ಮಗನ ಹೆಸರಿನಲ್ಲಿ ಅವಳು ನಾಲ್ಕು ಸಲ ಅರ್ಜಿ ಹಾಕಿ ಗೆದ್ದವಳು. ಈ ವಿಷಯದಲ್ಲಿ ವಕೀಲರಿಗಿಂತ ಮಿಗಿಲು. ಅವಳು ನೋಲುಂಡಿಯ ಕಿವಿಯ ಹತ್ತಿರ ಬಾಗಿದಳು.

"ಸ್ನಾನ ಮಾಡಿಸ್ಕೊಂಡು ಬಂದಿದ್ದೀಯಲ್ಲೇ."

"ಮತ್ತೆ?"

"ಮೂರು ದಿನ ಹಾಗೇ ಬಿಟ್ಟು, ಕಂಬಳಿ ಸುತ್ತಿ ಕರ್ಕೊಂಡು ಬರ್ಬೇಕಿತ್ತು. ನೀನು ಇಷ್ಟು ಚೆನ್ನಾಗಿ ನೋಡ್ಕೊಂಡ್ರೆ, ನೋಡ್ಕೊಳ್ಳೋರು ಬೇಕು ಅಂತ ಯಾರಿಗೆ ಗೊತ್ತಾಗ್ಬೇಕು?"

"ಅದು ನನ್ನ ಕೈಲಿ ಆಗಲ್ಲ ಮಾಭೆಲೆ."

"ಆಗಲ್ಲ ಅಂತ ನನಗೂ ಗೊತ್ತು. ಮೊದಲು ಬರ್ತಿದ್ದ ಆ ಕ್ಯೂಬಾದ ಡಾಕ್ಟ್ರು ಇದ್ದಿದ್ರೆ ಚಿಂತೆ ಇರ್ಲಿಲ್ಲ. ನಾಚಿಕೆ ಇಲ್ಲದ ಪ್ರಾಣಿ. ಉಚ್ಚೆ ಎಲ್ಲಿ ಹೊಯ್ತೀಯ, ಯಾರು ತೊಳೀತಾರೆ, ಎಲ್ಲ ಕೇಳೋನು, ಅದೂ ಬಾಗಿಲು ತೆಗೆದಿಟ್ಕೊಂಡು. ಮುದುಕೀರೆಲ್ಲ ಹೊರಗೆ ಬಂದು ಶಾಪ ಹಾಕೋರು. ಆದ್ರೆ ಎಲ್ಲರಿಗೂ ಹಣ ಬಂತು."

"ಈಗಿನೋರು?"

"ನಮ್ಮ ಹುಡುಗನೇ. ತುಂಬಾ ಒಳ್ಳೇ ಮನೆತನದೋನು, ಹಿರಿಯರನ್ನ ಕಂಡ್ರೆ ಬಗ್ಗಿ ನಡೀತಾನೆ." ಮಾಭೆಲೆ ಇದನ್ನು ಏನೋ ರೋಗದ ಹೆಸರು ಹೇಳುವಂತೆ ಹೇಳಿದಳು.

ಒಳಗೆ ಮೇಜಿನ ಹಿಂದೆ ಕೂತಿದ್ದ ಡಾಕ್ಟರ್ ಮಕಾಲಿಮಾನಿಗೆ ಮೂವತ್ತು ತುಂಬಿದ್ದರೆ ಹೆಚ್ಚು. ಕಾಗದದಲ್ಲಿದ್ದ ಎವೆಲಿನಾ ಎಂಬ ಮುದುಕಿಯ ಹೆಸರನ್ನು ಓದಿದ, ಆದರೆ ಹಾಗೆ ಕರೆಯಲಿಲ್ಲ. ಗಾಲಿಕುರ್ಚಿಯಲ್ಲಿ ಟೊಪ್ಪಿ ಇಟ್ಟುಕೊಂಡು ಕೂತ ಹಿರಿಯಳನ್ನು ನೋಡಿ ತಾನೇ ಎದ್ದು ನಿಂತ.

"ಅಮ್ಮ, ತಮ್ಮದು ಯಾವ ಕುಲ?"

"ದ್ಲೋಮೊ," ಅಂದಳು ಮುದುಕಿ.

ಹುಡುಗನ ಮುಖ ಅರಳಿತು. ಮೇಜು ಸುತ್ತಿ ಬಂದು ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ದ್ಲೋಮೊ ಕುಲದ ಹಿರಿಯರ ಹೆಸರುಗಳನ್ನು ಒಂದಾದ ಮೇಲೊಂದು ತಪ್ಪಿಲ್ಲದೆ ಹೇಳಿದ. ಮುದುಕಿ ಪ್ರತಿ ಹೆಸರಿಗೂ ತಲೆದೂಗಿದಳು.

"ನಮ್ಮ ತಾಯೀನೂ ಮಾದ್ಲೋಮೊನೇ ಅಮ್ಮ. ಅಂದ್ಮೇಲೆ ನಾನು ನಿಮಗೆ ಮಗನೇ ಆದೆ."

"ಮೂಗು ನೋಡಿದಾಗಲೇ ಅಂದ್ಕೊಂಡೆ," ಅಂದಳು ಮುದುಕಿ. "ನಮ್ಮ ಕಡೇದೇ ಮೂಗು."

ಗೋಡೆಗೆ ಒತ್ತಿ ನಿಂತಿದ್ದ ನೋಲುಂಡಿ ಇಬ್ಬರ ಸಂತೋಷವನ್ನೂ ನೋಡಿದಳು. ಯಾವ ಮಗ ತಾಯಿಯನ್ನು ಆ ಪ್ರಶ್ನೆಗಳನ್ನು ಕೇಳುತ್ತಾನೆ?

ಡಾಕ್ಟರು ಕೂತು ಪೆನ್ನು ತೆಗೆದ. "ಊಟ ಸೇರುತ್ತಾ ಅಮ್ಮ?"

"ಚೆನ್ನಾಗಿ ಸೇರುತ್ತೆ."

"ನಿದ್ದೆ?"

"ಮಲಗಿದ್ರೆ ಬೆಳಗಾಗೋದೇ."

"ಓಡಾಡ್ತೀರಾ?"

"ಗೋಡೆ ಹಿಡ್ಕೊಂಡು ಅಲ್ಲಿ ಇಲ್ಲಿ." ಗೋಡೆಯೇನು, ಎರಡು ವರ್ಷದಿಂದ ಅವಳು ಹಿಡಿದದ್ದು ನೋಲುಂಡಿಯ ಕುತ್ತಿಗೆಯನ್ನು.

"ಬಟ್ಟೆ ಬರೆ?"

ಮುದುಕಿ ಉತ್ತರ ಕೊಡುವ ಬದಲು ತನ್ನ ಎದೆಯ ಮೇಲಿನ ಗುಂಡಿಸಾಲನ್ನು ತೋರಿಸಿ ಸಣ್ಣಗೆ ನಕ್ಕಳು. ಡಾಕ್ಟರೂ ನಕ್ಕ. ಕಾಗದದ ಮುಂದಿನ ಭಾಗಕ್ಕೆ ಬಂದಾಗ ಅವನ ಪೆನ್ನು ತಡೆಯಿತು. ಕಿವಿ ಕೆರೆದುಕೊಂಡ, ಕಿಟಕಿಯ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ. ಆಮೇಲೆ ಕಣ್ಣೆತ್ತಿ ನೋಲುಂಡಿಯನ್ನು ಕೇಳಿದ, "ಅಕ್ಕಾ, ನೀವೇನಾದ್ರೂ ಹೇಳೋದಿದೆಯಾ?"

ಹೇಳುವುದು ಬೆಟ್ಟದಷ್ಟಿತ್ತು. ಅತ್ತೆ ಕುರ್ಚಿಯಿಂದ ತಿರುಗಿ ನೋಡಲಿಲ್ಲ. ಟೊಪ್ಪಿಯ ಬಿಳಿ ಹಿಂಭಾಗವಷ್ಟೇ ನೋಲುಂಡಿಗೆ ಕಾಣುತ್ತಿತ್ತು. ಗಂಡಸಿನ ಎದುರು, ಅದೂ ಅತ್ತೆ ಈಗಷ್ಟೇ ಮಗ ಅಂದವನ ಎದುರು, ಇವರು ಹೇಳಿದ್ದೆಲ್ಲ ಸುಳ್ಳು, ಇವರನ್ನು ತೊಳೆಯುವವಳು ನಾನು ಅನ್ನಬೇಕಿತ್ತು. ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಅತ್ತೆ ಹೇಳಿದ್ದೇ."

ಪೆನ್ನು ಸಾಲಿನಿಂದ ಸಾಲಿಗೆ ಎಲ್ಲೂ ನಿಲ್ಲದೆ ಇಳಿಯಿತು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತನ್ನ ತಾಯಿಯ ವಯಸ್ಸಿನವಳ ಮಾನ ಉಳಿಸಿದೆ ಎಂಬ ಸಮಾಧಾನದಲ್ಲೇ ಅವನು ಸಹಿ ಹಾಕಿರಬೇಕು.

ಹೊರಗೆ ಸಿಸ್ಟರು ಕಾಗದಕ್ಕೆ ಮೊಹರು ಒತ್ತುತ್ತಾ ಓದಿ, ನೋಲುಂಡಿಯನ್ನು ಪಕ್ಕಕ್ಕೆ ಕರೆದಳು. "ಸ್ವಲ್ಪ ಆಸರೆ ಇದ್ರೆ ಸಾಕು, ದಿನವಿಡೀ ಒಬ್ಬರು ಬೇಕಾಗಿಲ್ಲ ಅಂತ ಬರೆದಿದ್ದಾರೆ. ಇದನ್ನ ಆಫೀಸಿಗೆ ಕಳಿಸಿದ್ರೆ ಇಲ್ಲ ಅಂತಲೇ ಬರೋದು. ಬಂದಮೇಲೆ ತೊಂಬತ್ತು ದಿನದೊಳಗೆ ಇನ್ನೊಂದ್ಸಲ ಕೇಳ್ಕೋಬಹುದು."

ತೊಂಬತ್ತು ದಿನದಲ್ಲಿ ಕಿತ್ತಳೆ ಹಂಗಾಮು ಅರ್ಧ ಮುಗಿದಿರುತ್ತದೆ. ನೋಲುಂಡಿ ಅತ್ತೆಯ ಕುರ್ಚಿಯನ್ನು ಗೋಡೆಯ ನೆರಳಿನಲ್ಲಿ ನಿಲ್ಲಿಸಿ, ಈಗ ಬಂದೆ ಎಂದು ಹೇಳಿ ನೀರಿನ ಟ್ಯಾಂಕಿನ ಹಿಂದಕ್ಕೆ ಹೋದಳು. ಮೊದಲು ಒಂದು ನಿಮಿಷ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಶೆಡ್ಡಿನ ಮೇಲ್ವಿಚಾರಕಿಗೆ ಫೋನು ಮಾಡಿದಳು.

"ನನ್ನ ಹೆಸರು ತೆಗೀಬೇಡಿ. ಸೋಮವಾರ ಬಸ್ಸಿಗೆ ಬರ್ತೀನಿ. ಹೌದು, ಆರು ತಿಂಗಳೂ ಇರ್ತೀನಿ. ಇಲ್ಲ, ಮನೇಲಿ ಏನೂ ತೊಂದ್ರೆ ಇಲ್ಲ."

ತಗಡಿನ ಟ್ಯಾಂಕು ಖಾಲಿ ಇತ್ತು. ಖಾಲಿ ಟ್ಯಾಂಕಿನ ಹಿಂದೆ ನಿಂತು ಮಾತಾಡಿದರೆ ಆಚೆ ಬದಿಯವರಿಗೆ ಎಷ್ಟು ಚೆನ್ನಾಗಿ ಕೇಳುತ್ತದೆ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ. ತಿರುಗಿ ಬಂದಾಗ ಮುದುಕಿ ಮಡಿಲಲ್ಲಿ ಬಿದ್ದಿದ್ದ ತನ್ನ ಸತ್ತ ಬಲಗೈಯನ್ನು ಎಡಗೈಯಿಂದ ನೀವುತ್ತಿದ್ದಳು.

"ನೊಂಬೆಕೊಗೆ ಹೇಳಿದ್ಯಾ?"

ನೋಲುಂಡಿ ಸುಳ್ಳು ಹೇಳಲು ಹೋಗಲಿಲ್ಲ. "ಸಂಜೆ ಹೇಳ್ತೀನಿ."

"ಅವಳು ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಹೋಗ್ತಾಳೆ."

"ಗೊತ್ತು ಅತ್ತೆ."

"ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾಳೆ. ಅಲ್ಲಿ ಕಳ್ಳರ ಕಾಟ."

"ಗೊತ್ತು."

ಮುದುಕಿ ಅಂಗಳದ ಕೋಳಿಗಳ ಕಡೆ ನೋಡುತ್ತಾ ಕೇಳಿದಳು, "ನೀನು ಒಳಗೆ ಬಾಯಿ ಯಾಕೆ ಬಿಡ್ಲಿಲ್ಲ?"

"ನೀವ್ಯಾಕೆ ಅಷ್ಟೆಲ್ಲ ಬಿಟ್ರಿ?"

ಹನ್ನೊಂದು ವರ್ಷದಲ್ಲಿ ಅತ್ತೆಗೆ ಕೊಟ್ಟ ಮೊದಲ ಎದುರುತ್ತರ ಅದು. ಕ್ಷಮಿಸಿ ಅನ್ನಬೇಕು ಎಂದು ಗೊತ್ತಿತ್ತು, ಆದರೆ ಅನ್ನಲು ಮನಸ್ಸು ಬರಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಮುದುಕಿ ಬೈಯುತ್ತಾಳೆ ಎಂದು ಕಾದಳು.

"ತಳ್ಳು," ಅಂದಳು ಮುದುಕಿ.

"ಗಾಡಿ ಈ ಕಡೆ ಇದೆ ಅತ್ತೆ."

"ಗಾಡಿಗಲ್ಲ. ಒಳಗೆ ತಳ್ಳು."

ಬಾಗಿಲಲ್ಲಿ ಸಿಸ್ಟರು ಅಡ್ಡ ನಿಂತಳು. ಡಾಕ್ಟರು ಊಟಕ್ಕೆ ಕೂತಿದ್ದಾರೆ, ಒಂದು ಸಲ ನೋಡಿ ಆಯಿತಲ್ಲ, ಹೊರಗೆ ಇನ್ನೂ ಇಪ್ಪತ್ತು ಜನ ಇದ್ದಾರೆ, ಅಂದಳು. ಮುದುಕಿ ಅವಳನ್ನು ತಲೆಯೆತ್ತಿ ನೋಡಿದಳು. "ಒಳಗಿರೋನು ನನ್ನ ಮಗ. ನಂಬಿಕೆ ಇಲ್ದಿದ್ರೆ ಅವನನ್ನೇ ಕೇಳು. ಮಗ ಊಟ ಮಾಡೋವಾಗ ತಾಯಿ ಒಳಗೆ ಹೋಗೋಕೆ ನಿನ್ನ ಅಪ್ಪಣೆ ಬೇಕಾ?" ಹೀಗಂದವಳ ಜೊತೆ ವಾದಿಸುವ ಧೈರ್ಯ ಸಿಸ್ಟರಿಗೂ ಇರಲಿಲ್ಲ. ಅವಳೂ ಈ ಕಡೆಯವಳೇ.

ಡಾಕ್ಟರು ಬ್ರೆಡ್ಡು ಮತ್ತು ಕರಿದ ಮೀನನ್ನು ಕಾಗದದ ಮೇಲೆ ಹರಡಿಕೊಂಡಿದ್ದ. ಬಾಯಲ್ಲಿದ್ದ ತುತ್ತನ್ನು ಗಬಕ್ಕನೆ ನುಂಗಿ ಎದ್ದ.

"ಕೂತ್ಕೋ," ಅಂದಳು ಮುದುಕಿ. "ಮಕೊಟಿ, ಟೊಪ್ಪಿ ತೆಗಿ."

ನೋಲುಂಡಿಗೆ ಅರ್ಥವಾಗಲಿಲ್ಲ. ಆದರೂ ಟೊಪ್ಪಿ ತೆಗೆದಳು.

"ಕಾಲರೂ ತೆಗಿ. ಚರ್ಚಿನ ಬಟ್ಟೆ ಹಾಕ್ಕೊಂಡು ಸುಳ್ಳು ಹೇಳಿದ್ದಾಯ್ತು. ನಿಜ ಹೇಳೋಕೆ ಇದು ಬೇಡ."

ನೋಲುಂಡಿ ಕಾಲರಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು. ಟೊಪ್ಪಿಯಿಲ್ಲದೆ, ಬೆಳ್ಳಗೆ ಗಿಡ್ಡಗಿದ್ದ ಕೂದಲಿನಲ್ಲಿ ಮುದುಕಿ ಇದ್ದಕ್ಕಿದ್ದಂತೆ ತುಂಬಾ ಸಣ್ಣವಳಾಗಿ ಕಂಡಳು.

"ಈಗ ನಾನು ನಿನ್ನ ತಾಯಿ ಕುಲದೋಳಲ್ಲ. ಎವೆಲಿನಾ. ನಿನ್ನ ಕಾಗದದಲ್ಲಿ ಇದ್ಯಲ್ಲ, ಆ ಹೆಂಗಸು. ಆ ಕ್ಯೂಬಾದೋನು ಹೆಂಗೆ ಕೇಳ್ತಿದ್ನೋ ಹಂಗೆ ಕೇಳು."

"ಅಮ್ಮ..."

"ಎವೆಲಿನಾ ಅಂದೆ."

ಡಾಕ್ಟರು ತಲೆ ತಗ್ಗಿಸಿದ. "ನನ್ನ ಕೈಲಿ ಆಗಲ್ಲ ಅಮ್ಮ. ಆಗಲೂ ಅದಕ್ಕೇ ಬಿಟ್ಟುಬಿಟ್ಟೆ. ತಪ್ಪು ನಂದೇ."

"ನೀನು ಕೇಳ್ಬೇಡ ಹಾಗಾದ್ರೆ. ಓದು. ಕಾಗದ ಕೇಳ್ಲಿ."

ಅವನು ಕೈ ಒರೆಸಿಕೊಂಡು ಹೊಸ ಕಾಗದ ತೆಗೆದ. ನೋಲುಂಡಿಯ ಕಡೆ ನೋಡಿ, "ಅಕ್ಕ ಸ್ವಲ್ಪ ಹೊರಗೆ..." ಅಂದ.

"ಅವಳು ಇರ್ಲಿ. ಮಾಡೋಳು ಅವಳು, ಕೇಳಿಸ್ಕೊಳ್ಳೋಕೆ ಏನು ನಾಚಿಕೆ."

ಡಾಕ್ಟರು ಓದಿದ. ಕಣ್ಣನ್ನು ಹಾಳೆಯಿಂದ ಎತ್ತಲಿಲ್ಲ, ಧ್ವನಿಯನ್ನು ಏರಿಸಲೂ ಇಲ್ಲ.

"ಸ್ನಾನ ಮಾಡಿಸುವವರು ಯಾರು."

"ಅವಳು."

"ಬಟ್ಟೆ ತೊಡಿಸುವವರು."

"ಅವಳು. ನಿನಗೆ ಬೆಳಿಗ್ಗೆ ತೋರಿಸಿದೆನಲ್ಲ ಗುಂಡಿ, ಅದ್ರಲ್ಲಿ ನಾನು ಹಾಕಿದ್ದು ಒಂದೂ ಇಲ್ಲ."

"ಊಟ."

"ಗಂಜಿ ಆದ್ರೆ ಎಡಗೈಲಿ ಕುಡೀತೀನಿ. ಮಾಂಸ ಅವಳು ಬಿಡಿಸಿ ಕೊಡ್ಬೇಕು."

ಮುಂದಿನ ಸಾಲಿಗೆ ಅವನ ಧ್ವನಿ ಮತ್ತೂ ಕೆಳಗಿಳಿಯಿತು. "ಶೌಚ."

ಮುದುಕಿ ಒಂದು ಸಲ ಉಸಿರೆಳೆದುಕೊಂಡಳು. ನೋಲುಂಡಿಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

"ಅವಳೇ. ಎತ್ತಿ ಕೂರಿಸ್ತಾಳೆ, ಒರೆಸ್ತಾಳೆ. ಹೊತ್ತು ಮೀರಿ ಮೈಮೇಲೆ ಆಗಿಹೋದ್ರೆ ತೊಳೀತಾಳೆ. ಹಗಲಲ್ಲೇ ವಾರಕ್ಕೆ ನಾಲ್ಕು ದಿನ ಮೀರುತ್ತೆ. ಬರ್ಕೊ."

ಅವನು ಬರೆದುಕೊಂಡ. "ರಾತ್ರಿ ಸಹಾಯ ಬೇಕಾಗುತ್ತದೆಯೇ, ಎಷ್ಟು ಸಲ."

"ಇವಳು ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗ್ತಾಳೆ. ಅವಳ ಮುಂಗೈಗೂ ನನ್ನ ಈ ಕೈಗೂ ಒಂದು ದಾರ ಕಟ್ಕೊಂಡಿದ್ದೀವಿ. ಬೇಕಾದಾಗ ಎಳೀತೀನಿ, ಎದ್ದೇಳ್ತಾಳೆ. ಎರಡು ಸಲ."

ಡಾಕ್ಟರು ಎರಡು ಎಂದು ಬರೆದ.

"ತಾಳು. ಎಳೆಯೋದು ಎರಡು ಸಲ. ಬೇಕಾಗೋದು ಮೂರು."

"ಮೂರನೇ ಸಲ?" ಈ ಪ್ರಶ್ನೆ ಕಾಗದದಲ್ಲಿ ಇರಲಿಲ್ಲ. ಡಾಕ್ಟರು ಮೊದಲ ಬಾರಿಗೆ ತಲೆಯೆತ್ತಿ ತಾನಾಗಿ ಕೇಳಿದ್ದ.

"ಎಳೆಯಲ್ಲ," ಅಂದಳು ಮುದುಕಿ. "ಅಷ್ಟು ಹೊತ್ತಿಗೆ ಅವಳಿಗೆ ಒಳ್ಳೇ ನಿದ್ದೆ ಹತ್ತಿರುತ್ತೆ. ಬಾಯಿ ಕಳ್ಕೊಂಡು ಮಲಗಿರ್ತಾಳೆ ಮಗು ಥರ. ಬೆಳಿಗ್ಗೆ ಎದ್ದು ನೀರು ಹೊರ್ಬೇಕು, ಮಗೂನ ಸ್ಕೂಲಿಗೆ ಕಳಿಸ್ಬೇಕು. ಮಲಗ್ಲಿ ಅಂತ ಬಿಟ್ಬಿಡ್ತೀನಿ. ಒದ್ದೇಲೇ ಇರ್ತೀನಿ ಬೆಳಗಾಗೋವರ್ಗೂ. ಮೊದಲು ಬೆಚ್ಚಗೇ ಇರುತ್ತೆ. ಆಮೇಲೆ ಸ್ವಲ್ಪ ಚಳಿ."

ನೋಲುಂಡಿಯ ಕೈಯಲ್ಲಿ ಕಾಲರು ಮುದುರಿಹೋಯಿತು. ಪ್ರತಿ ದಿನ ಬೆಳಿಗ್ಗೆ ಒದ್ದೆಯಾದ ಕಂಬಳಿಯನ್ನು ಅವಳು ತಣ್ಣೀರಿನ ತೊಟ್ಟಿಗೆ ಎಸೆಯುತ್ತಿದ್ದಳು. ಎಸೆಯುವಾಗ, ಎರಡು ಸಲ ಎಳೆಯಲು ಬರುತ್ತದೆ, ಇನ್ನೊಂದು ಸಲ ಎಳೆಯಲು ಈ ಮುದುಕಿಗೆ ಏನು ಬಂದಿದೆ ಎಂದು ಹಲ್ಲು ಕಚ್ಚುತ್ತಿದ್ದಳು. ಹಟ ಅಂದುಕೊಂಡಿದ್ದಳು. ಒಂದು ಚಳಿಗಾಲದ ಬೆಳಿಗ್ಗೆ, ಬೆರಳು ಮರಗಟ್ಟಿದ್ದಾಗ, ಇವಳು ಬೇಗ ಹೋಗಿಬಿಡಬಾರದೇ ಅಂತಲೂ ಅಂದುಕೊಂಡದ್ದುಂಟು. ಜೋರಾಗಿ ಅಂದಿರಲಿಲ್ಲ, ಆದರೆ ಬಟ್ಟೆ ಒಗೆಯುವ ಸದ್ದಿನಲ್ಲೇ ಅದೆಲ್ಲ ಒಳಗೆ ಮಲಗಿದ್ದವಳಿಗೆ ಕೇಳಿಸಿರಲೇಬೇಕು ಎಂದು ಈಗ ಅವಳಿಗೆ ಹೊಳೆಯಿತು.

ಡಾಕ್ಟರು ಎರಡನ್ನು ಹೊಡೆದುಹಾಕಿ ಮೂರು ಎಂದು ಬರೆದ. ಪಕ್ಕದ ಜಾಗದಲ್ಲಿ ಇನ್ನೂ ಏನೇನೋ ಬರೆದ, ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋದ. ಸಹಿ ಹಾಕಿ, ಬೆಳಗಿನ ಕಾಗದವನ್ನು ಸಿಸ್ಟರಿಂದ ತರಿಸಿ ಎರಡು ತುಂಡು ಮಾಡಿದ.

"ನಿರ್ಧಾರ ಮಾಡೋರು ಆಫೀಸಿನೋರು," ಅಂದ. "ಆದ್ರೆ ಇದನ್ನ ಓದಿ ಇಲ್ಲ ಅನ್ನೋದು ಕಷ್ಟ. ಬರೋಕೆ ಒಂದೆರಡು ತಿಂಗಳಾಗ್ಬಹುದು. ಬಂದ್ರೆ ಅರ್ಜಿ ಹಾಕಿದ ದಿನದಿಂದ ಸೇರಿಸಿ ಕೊಡ್ತಾರೆ."

"ಮೀನು ಆರಿಹೋಯ್ತು ನಿಂದು," ಅಂದಳು ಮುದುಕಿ. "ತಿನ್ನು ಮಗಾ."

ಹೊರಗೆ ಗೀಜಾ ಗಾಡಿಯ ಬಾಗಿಲು ತೆರೆದುಕೊಂಡು ಕಾಯುತ್ತಿದ್ದ. ಮುದುಕಿಯ ಬರಿತಲೆ ನೋಡಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಸೊಸೆಯ ಮುಖ ನೋಡಿ ಎತ್ತಲು ಬಗ್ಗಿದ. ಇಬ್ಬರೂ ಸೇರಿ ಅವಳನ್ನು ಮುಂದಿನ ಸೀಟಿಗೆ ಎತ್ತಿದರು. ಗೀಜಾ ಗಾಲಿಕುರ್ಚಿಯನ್ನು ಒಳಗೆ ಬಿಟ್ಟುಬರಲು ಹೋದ.

ನೋಲುಂಡಿ ಅತ್ತೆಯ ಬಲಗಾಲನ್ನು ಎತ್ತಿ ಒಳಗಿಟ್ಟಳು. ಲಂಗದ ಅಂಚು ಬಾಗಿಲಿಗೆ ಸಿಕ್ಕದಂತೆ ಒಳಗೆ ಸೇರಿಸಿದಳು. ಬಾಗಿಲು ಹಾಕಲಿಲ್ಲ. ನೆಲ ನೋಡುತ್ತಲೇ ಮಾತಾಡಿದಳು.

"ಇನ್ಮೇಲೆ ಮೂರನೇ ಸಲಾನೂ ಎಳೀಬೇಕು."

"ನಿದ್ದೆ ಕೆಟ್ಟು ನೀನು ಬಿದ್ದುಹೋದ್ರೆ ನನ್ನನ್ನ ಎತ್ತೋರು ಯಾರು?"

"ಎಳೀಬೇಕು ಅಂದೆ."

ಮುದುಕಿ ಮುಂದಿನ ಗಾಜಿನ ಆಚೆ ನೋಡಿದಳು. ಸರತಿಯ ಜನ ನೆರಳಿನ ಜೊತೆ ಗೋಡೆಯ ಆ ಬದಿಗೆ ಸರಿದಿದ್ದರು.

"ಸೋಮವಾರ?" ಎಂದು ಕೇಳಿದಳು.

"ಸೋಮವಾರಾನೂ. ಬಸ್ಸು ಹೋಗ್ಲಿ ಬಿಡಿ."

ಗೀಜಾ ಬಂದು ಕೂತು ಗಾಡಿ ಚಾಲೂ ಮಾಡಿದ. ನೋಲುಂಡಿ ಬಾಗಿಲು ಹಾಕಿ, ಹಿಂದುಗಡೆ ಹತ್ತಿ ಬಿಡಿ ಟೈರಿನ ಮೇಲೆ ಕೂತಳು. ಗಾಡಿ ಗೇಟು ದಾಟುವಾಗ ಹಿಂದಿನ ಸಣ್ಣ ಗಾಜಿನೊಳಗೆ ಅತ್ತೆಯ ಬರಿ ಕುತ್ತಿಗೆ ಕಾಣುತ್ತಿತ್ತು, ಹೊಂಡ ಬಂದಾಗಲೆಲ್ಲ ಎಡಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಅವಳು ಮಣ್ಣುರಸ್ತೆ ಮುಗಿಯುವವರೆಗೂ ಅದನ್ನೇ ನೋಡುತ್ತಾ ಕೂತಿದ್ದಳು.